ಬ್ಯಾಂಕಾಕಿನಲ್ಲಿ ಓಡಾಟ: ರೈಲು, ದೋಣಿ, ಟ್ಯಾಕ್ಸಿ – ಯಾವಾಗ ಯಾವುದು?

ಬ್ಯಾಂಕಾಕಿಗೆ ಟಿಕೆಟ್ ಮಾಡಿಸಿದವರ ಮೊದಲ ಪ್ರಶ್ನೆ ಹೆಚ್ಚುಕಡಿಮೆ ಒಂದೇ: ‘ಅಲ್ಲಿ ಸುತ್ತಾಡಲು ದಿನಕ್ಕಿಷ್ಟು ಅಂತ ಕಾರು ಗೊತ್ತು ಮಾಡಿಕೊಳ್ಳಬೇಕಾ?’ ಊರೊಳಗಿನ ಸುತ್ತಾಟಕ್ಕಾದರೆ ಬೇಡ. ಸಂಜೆ ಸಿಲ್ಕ್ ಬೋರ್ಡ್ ದಾಟಿದವರಿಗೆ ಸುಖುಮ್ವಿತ್ ರಸ್ತೆಯ ಸಂಜೆ ಹೊಸದೇನಲ್ಲ. ಆದರೆ ಇಲ್ಲಿ ಅದೇ ರಸ್ತೆಯ ಮೇಲೆ ಮೂರು–ನಾಲ್ಕು ನಿಮಿಷಕ್ಕೊಂದು ರೈಲು ಓಡುತ್ತದೆ, ಒಂದಷ್ಟು ಉತ್ತರಕ್ಕೆ ಕಾಲುವೆಯಲ್ಲಿ ದೋಣಿ ಓಡುತ್ತದೆ. ದುಡ್ಡು ಕೊಟ್ಟು ಕಾರಿನಲ್ಲಿ ಕೂತವರು ಮಾತ್ರ ಕೂತಲ್ಲೇ ಇರುತ್ತಾರೆ.

ಹಾಗಾಗಿ ದೂರವನ್ನು ರೈಲಿನಲ್ಲಿ ಮುಗಿಸಿ, ಹಳೆಯ ಊರಿಗೆ ಮೆಟ್ರೊ ಅಥವಾ ನದಿಯ ದಾರಿ ಹಿಡಿಯಿರಿ. ಟ್ಯಾಕ್ಸಿ, ಬೈಕುಗಳನ್ನು ಕೊನೆಯ ಒಂದೆರಡು ಕಿಲೋಮೀಟರಿಗೆ ಮತ್ತು ರಾತ್ರಿ ಹನ್ನೆರಡರ ನಂತರಕ್ಕೆ ಇಟ್ಟುಕೊಳ್ಳಿ. ಈ ಕ್ರಮ ತಪ್ಪದಿದ್ದರೆ ಊರು ಸಲೀಸು. ಇಲ್ಲಿ ಕೊಟ್ಟಿರುವ ದರಗಳು 2025ರ ಆಸುಪಾಸಿನವು. ಒಂದೆರಡು ಬಾಟ್ (ಥಾಯ್ಲೆಂಡಿನ ಹಣ) ಆಚೀಚೆ ಆದೀತು.

1. ಹೊರಡುವ ಮುಂಚೆ, ಮನೆಯಲ್ಲೇ ಮುಗಿಸಬೇಕಾದ್ದು

ಮೊದಲು ಟಿಕೆಟ್ ತೆಗೆದು ಇಳಿಯುವ ವಿಮಾನ ನಿಲ್ದಾಣ ಯಾವುದು ಎಂದು ನೋಡಿ. ಬ್ಯಾಂಕಾಕಿಗೆ ಎರಡಿವೆ. ಊರಿನ ಪೂರ್ವಕ್ಕೆ ಸುವರ್ಣಭೂಮಿ, ಉತ್ತರಕ್ಕೆ ಡಾನ್ ಮುಯಾಂಗ್. ಅಗ್ಗದ ದರದ ಕೆಲವು ವಿಮಾನಗಳು ಡಾನ್ ಮುಯಾಂಗಿಗೆ ಹೋಗುತ್ತವೆ. ಎರಡರಿಂದಲೂ ಊರು ಸೇರುವ ದಾರಿ ಬೇರೆ ಬೇರೆ. ಫುಕೆಟ್, ಕ್ರಾಬಿಗೆ ಮುಂದಿನ ವಿಮಾನ ಹಿಡಿಯುವವರು ಇದನ್ನು ಎರಡು ಸಲ ನೋಡಬೇಕು. ಒಂದರಲ್ಲಿ ಇಳಿದು ಇನ್ನೊಂದರಲ್ಲಿ ಹತ್ತುವುದಿದ್ದರೆ ನಡುವೆ ಕನಿಷ್ಠ ಐದು ತಾಸು ಇರಲಿ.

2025ರ ಮೇ 1ರಿಂದ ವಿದೇಶಿಯರೆಲ್ಲ ಡಿಜಿಟಲ್ ಆಗಮನ ಪತ್ರವನ್ನು ಆನ್‌ಲೈನಿನಲ್ಲಿ ತುಂಬಲೇಬೇಕು. ಇಳಿಯುವ ದಿನಕ್ಕೆ ಹಿಂದಿನ ಮೂರು ದಿನಗಳೊಳಗೆ ತುಂಬಬೇಕು. ಶುಲ್ಕವಿಲ್ಲ. ಹುಡುಕಿದಾಗ ಮೇಲೆ ಬರುವ ಕೆಲವು ಜಾಲತಾಣಗಳು ಇದಕ್ಕೂ ದುಡ್ಡು ಕೇಳುತ್ತವೆ, ಅವು ಸರ್ಕಾರದವಲ್ಲ. ಥಾಯ್ ಸರ್ಕಾರಿ ತಾಣದ ವಿಳಾಸ ‘ಡಾಟ್ ಗೋ ಡಾಟ್ ಟಿಎಚ್’ ಎಂದು ಮುಗಿಯುತ್ತದೆ.

ಗ್ರ್ಯಾಬ್ ಮತ್ತು ಬೋಲ್ಟ್ ಎಂಬ ಎರಡು ಟ್ಯಾಕ್ಸಿ ಆ್ಯಪ್‌ಗಳನ್ನು ಊರಲ್ಲೇ ಹಾಕಿಕೊಂಡು, ನಿಮ್ಮ ನಂಬರಿಗೆ ಬರುವ ಒಟಿಪಿಯನ್ನು ಇಲ್ಲೇ ಕೊಟ್ಟು ಖಾತೆ ತೆರೆದುಬಿಡಿ. ಬಹಳ ಜನ ಎಡವುವುದು ಇಲ್ಲಿಯೇ. ಅಲ್ಲಿ ಇಳಿದು ಥಾಯ್ ಸಿಮ್ ಹಾಕಿಕೊಂಡ ಮೇಲೆ ಒಟಿಪಿ ಭಾರತದ ನಂಬರಿಗೆ ಹೋಗುತ್ತದೆ, ಆ ಸಿಮ್ ಪರ್ಸಿನೊಳಗೆ ಇರುತ್ತದೆ.

ದುಡ್ಡಿನ ವಿಷಯ. ಅಂಗಡಿ, ಟ್ಯಾಕ್ಸಿಗಳಲ್ಲೆಲ್ಲ ಕ್ಯೂಆರ್ ಕಾಣುತ್ತದೆ, ಅದು ಅಲ್ಲಿನ ಬ್ಯಾಂಕ್ ಖಾತೆ ಇರುವವರ ವ್ಯವಸ್ಥೆ. ಯುಪಿಐ ನಂಬಿಕೊಂಡು ಬರಿಗೈಯಲ್ಲಿ ಹೋಗಬೇಡಿ. ದೋಣಿ, ಬಸ್ಸು, ಬೀದಿ ಊಟ, ಬೈಕ್ ಟ್ಯಾಕ್ಸಿ ಎಲ್ಲಕ್ಕೂ ನಗದು ಬೇಕು, ಅದೂ 20, 50, 100ರ ನೋಟುಗಳು. 1000ದ ನೋಟು ಕಂಡರೆ ಟ್ಯಾಕ್ಸಿಯವರು ಚಿಲ್ಲರೆ ಇಲ್ಲ ಎಂದುಬಿಡುತ್ತಾರೆ. ಅದನ್ನು ಬೀದಿಬೀದಿಗೂ ಇರುವ ಸೆವೆನ್ ಇಲೆವೆನ್ ಅಂಗಡಿಯಲ್ಲಿ ನೀರು ಕೊಂಡು ಮುರಿಸಿಕೊಳ್ಳಿ. ಎಟಿಎಂಗಳು ವಿದೇಶಿ ಕಾರ್ಡಿಗೆ ಒಂದು ಸಲಕ್ಕೆ 220 ಬಾಟ್ ಅಥವಾ ಅದಕ್ಕೂ ಹೆಚ್ಚು ಶುಲ್ಕ ಹಿಡಿಯುತ್ತವೆ, ಆದ್ದರಿಂದ ಚೂರುಪಾರು ತೆಗೆಯಬೇಡಿ. ಸುವರ್ಣಭೂಮಿಯಲ್ಲಿ ಬ್ಯಾಗು ಬರುವ ಮಹಡಿಯ ಕೌಂಟರುಗಳಿಗಿಂತ ನೆಲಮಾಳಿಗೆಯಲ್ಲಿ, ರೈಲು ನಿಲ್ದಾಣದ ಬಳಿ ಇರುವ ವಿನಿಮಯ ಕೌಂಟರುಗಳು ಹೆಚ್ಚು ಬಾಟ್ ಕೊಡುತ್ತವೆ.

ಇನ್ನೊಂದು ಸಣ್ಣ ಕೆಲಸ. ಬ್ಯಾಂಕಿನ ಆ್ಯಪ್‌ನಲ್ಲಿ ನಿಮ್ಮ ವೀಸಾ ಅಥವಾ ಮಾಸ್ಟರ್‌ಕಾರ್ಡಿಗೆ ವಿದೇಶಿ ಬಳಕೆ ಮತ್ತು ಟ್ಯಾಪ್ ಮಾಡಿ ಪಾವತಿಸುವ ಸೌಲಭ್ಯ ಎರಡನ್ನೂ ಚಾಲೂ ಮಾಡಿ. ಮೆಟ್ರೊ ಗೇಟಿನಲ್ಲಿ ಇದು ಕೆಲಸಕ್ಕೆ ಬರುತ್ತದೆ. ರುಪೇ ಕಾರ್ಡನ್ನು ಅಲ್ಲಿ ನೆಚ್ಚಿಕೊಳ್ಳಬೇಡಿ.

2. ಹೋಟೆಲ್ ಹುಡುಕುವಾಗ ನಿಲ್ದಾಣದ ದೂರ ನೋಡಿ

ಅರ್ಧ ಓಡಾಟ ಇಲ್ಲಿಯೇ ತೀರ್ಮಾನವಾಗುತ್ತದೆ. ರಾತ್ರಿಗೆ ಐನೂರು ರೂಪಾಯಿ ಉಳಿಯಿತೆಂದು ನಿಲ್ದಾಣದಿಂದ ಎರಡು ಕಿಲೋಮೀಟರ್ ಒಳಗಿನ ಹೋಟೆಲ್ ಹಿಡಿದರೆ ಆ ಉಳಿತಾಯ ಪ್ರತಿದಿನ ಟ್ಯಾಕ್ಸಿಗೆ ಹೋಗುತ್ತದೆ. 500 ಮೀಟರ್ ಒಳಗೆ ಇರಲಿ.

ವಿಳಾಸ ಓದುವುದನ್ನೂ ಕಲಿಯಬೇಕು. ಥನೊನ್ ಎಂದರೆ ದೊಡ್ಡ ರಸ್ತೆ, ಸೋಯ್ ಎಂದರೆ ಅದರಿಂದ ಒಡೆದ ಅಡ್ಡರಸ್ತೆ. ‘ಸುಖುಮ್ವಿತ್ 11’ ಎಂದರೆ ಸುಖುಮ್ವಿತ್ ರಸ್ತೆಯ 11ನೇ ಸೋಯ್, ಕಟ್ಟಡದ ನಂಬರ್ ಅಲ್ಲ. ಬೆಸ ಸಂಖ್ಯೆಯ ಸೋಯ್‌ಗಳು ರಸ್ತೆಯ ಒಂದು ಬದಿಗೆ, ಸಮ ಸಂಖ್ಯೆಯವು ಇನ್ನೊಂದು ಬದಿಗೆ. ಎರಡೂ ಬದಿಯ ಎಣಿಕೆ ಜೊತೆಜೊತೆಯಾಗಿ ಸಾಗುವುದಿಲ್ಲ. 55ನೇ ಸೋಯ್‌ನ ಎದುರು 54 ಅಥವಾ 56 ಇರುತ್ತದೆಂದು ಹೊರಟರೆ ಅಲ್ಲಿ ಸಿಗುವುದು 38. ಬಹಳ ಸೋಯ್‌ಗಳು ಮುಂದೆ ಗೋಡೆಗೆ ಮುಗಿಯುತ್ತವೆ. ನಕ್ಷೆಯಲ್ಲಿ ಪಕ್ಕಪಕ್ಕದಲ್ಲಿ ಕಾಣುವ ಎರಡು ಜಾಗಗಳ ನಡುವೆ ದಾರಿಯೇ ಇಲ್ಲದಿರಬಹುದು. ದೂರವನ್ನು ಕಣ್ಣಳತೆಯಲ್ಲಿ ಅಂದಾಜಿಸದೆ ನಡಿಗೆಯ ದಾರಿ ಹಾಕಿ ನೋಡಿ.

ಮೊದಲ ಸಲ ಹೋಗುವವರಿಗೆ ಅಸೋಕ್ ಸುತ್ತಮುತ್ತ ಅನುಕೂಲ. ರಸ್ತೆಯ ಮೇಲೆ ಎತ್ತರದಲ್ಲಿ ಓಡುವ ಆಕಾಶರೈಲು, ನೆಲದಡಿಯ ಮೆಟ್ರೊ ಎರಡೂ ಅಲ್ಲಿ ಕೂಡುತ್ತವೆ. ಒಂದು ನಿಲ್ದಾಣ ಆಚೆ ನಾನಾ, ಅಲ್ಲಿ ಭಾರತೀಯ ಹೋಟೆಲುಗಳು ಧಾರಾಳ. ಆದರೆ ರಾತ್ರಿ ಗದ್ದಲದ ಪ್ರದೇಶ, ಮಕ್ಕಳನ್ನು ಕರೆದುಕೊಂಡು ಹೋಗುವವರು ಯೋಚಿಸಿ. ಪಯಾ ಥಾಯ್, ರಾಚ್ಚತೇವಿ ಕಡೆ ಬಾಡಿಗೆ ಕಡಿಮೆ, ವಿಮಾನ ನಿಲ್ದಾಣದ ರೈಲಿಗೆ ಹತ್ತಿರ. ಖಾವೊಸಾನ್ ರಸ್ತೆ ಅಗ್ಗವಾದರೂ ಅದರ ಮಗ್ಗುಲಲ್ಲಿ ರೈಲಿಲ್ಲ. ಅಲ್ಲಿ ಉಳಿದರೆ ದೋಣಿ, ಬಸ್ಸನ್ನೇ ನಂಬಿಕೊಳ್ಳಬೇಕು.

3. ವಿಮಾನ ನಿಲ್ದಾಣದಿಂದ ಊರಿಗೆ

ಸುವರ್ಣಭೂಮಿಯಿಂದ ಏರ್‌ಪೋರ್ಟ್ ರೈಲ್ ಲಿಂಕ್ ಎಂಬ ರೈಲು ಇದೆ. ಕಟ್ಟಡದ ನೆಲಮಾಳಿಗೆಯಲ್ಲೇ ನಿಲ್ದಾಣ. ಬೆಳಗ್ಗೆ ಐದೂವರೆಯಿಂದ ನಡುರಾತ್ರಿಯ ತನಕ ಓಡುತ್ತದೆ, ಎಂಟನೆಯ ಹಾಗೂ ಕೊನೆಯ ನಿಲ್ದಾಣವಾದ ಪಯಾ ಥಾಯ್‌ಗೆ ಅರ್ಧ ಗಂಟೆಯೊಳಗೆ ತಲುಪುತ್ತದೆ, ಟಿಕೆಟ್ 45 ಬಾಟ್. ಯಂತ್ರದಲ್ಲಿ ದುಡ್ಡು ಹಾಕಿದರೆ ದುಂಡನೆಯ ಪ್ಲಾಸ್ಟಿಕ್ ಟೋಕನ್ ಬೀಳುತ್ತದೆ. ಒಳಹೋಗುವಾಗ ಗೇಟಿಗೆ ಮುಟ್ಟಿಸಿ, ಹೊರಬರುವಾಗ ತೂತಿಗೆ ಹಾಕಿ.

ಎಲ್ಲಿ ಇಳಿಯಬೇಕು ಎಂಬುದು ಹೋಟೆಲಿನ ಮೇಲೆ ನಿಂತಿದೆ. ಸಯಾಮ್, ರಾಚ್ಚತೇವಿ ಕಡೆಯವರು ಪಯಾ ಥಾಯ್‌ನಲ್ಲಿ ಇಳಿದು ಆಕಾಶರೈಲು ಹಿಡಿಯಬೇಕು. ಅಸೋಕ್, ಸೀಲೊಮ್ ಕಡೆಯವರು ಅದಕ್ಕೂ ಎರಡು ನಿಲ್ದಾಣ ಮುಂಚೆ ಮಕ್ಕಸನ್‌ನಲ್ಲಿ ಇಳಿದು, ಮೇಲ್ಸೇತುವೆಯಲ್ಲಿ ನಡೆದು ಪೆಚ್ಚಬುರಿ ಮೆಟ್ರೊ ನಿಲ್ದಾಣಕ್ಕೆ ಹೋಗುವುದು ಜಾಣತನ. ಅಲ್ಲಿಂದ ಸುಖುಮ್ವಿತ್ ನಿಲ್ದಾಣ ಬರೀ ಒಂದು ನಿಲುಗಡೆ. ಎರಡೂ ಕಡೆ ಹೊರಬಂದು ಬೇರೆ ಟಿಕೆಟ್ ಕೊಳ್ಳಬೇಕು.

ಮೂರು ಜನಕ್ಕಿಂತ ಹೆಚ್ಚಿದ್ದು ದೊಡ್ಡ ಸೂಟ್‌ಕೇಸುಗಳಿದ್ದರೆ, ಇಲ್ಲವೇ ರಾತ್ರಿ ಹನ್ನೊಂದೂವರೆಯ ಮೇಲೆ ಇಳಿದರೆ ಟ್ಯಾಕ್ಸಿಯೇ ವಾಸಿ. ಆಗಮನದ ಬಾಗಿಲಲ್ಲಿ ಫಲಕ ಹಿಡಿದು ‘ಟ್ಯಾಕ್ಸಿ, ಟ್ಯಾಕ್ಸಿ’ ಎಂದು ದುಂಬಾಲು ಬೀಳುವವರನ್ನು ದಾಟಿ ಒಂದನೇ ಮಹಡಿಗೆ ಇಳಿಯಿರಿ. ಅಲ್ಲಿ ಸರದಿಯ ಯಂತ್ರಗಳಿವೆ. ಗುಂಡಿ ಒತ್ತಿದರೆ ಚೀಟಿ ಬರುತ್ತದೆ, ಅದರಲ್ಲಿರುವ ಸಂಖ್ಯೆಯ ಸಾಲಿಗೆ ಹೋದರೆ ನಿಮ್ಮ ಟ್ಯಾಕ್ಸಿ ನಿಂತಿರುತ್ತದೆ. ಆ ಚೀಟಿಯನ್ನು ಚಾಲಕ ಕೇಳಿದರೂ ಕೊಡಬೇಡಿ. ಗಾಡಿ ಯಾವುದು, ಚಾಲಕ ಯಾರು ಎಂಬುದಕ್ಕೆ ಅದೇ ದಾಖಲೆ. ಫೋನು ಮರೆತು ಇಳಿದರೂ, ದೂರು ಕೊಡಬೇಕಾದರೂ ಅದೇ ಬೇಕು.

ಟ್ಯಾಕ್ಸಿಯ ಲೆಕ್ಕ: ಮೀಟರ್ ತೋರಿಸಿದ್ದು, ವಿಮಾನ ನಿಲ್ದಾಣದ ಹೆಚ್ಚುವರಿ 50 ಬಾಟ್, ಎಕ್ಸ್‌ಪ್ರೆಸ್‌ವೇ ಹಿಡಿದರೆ ಅದರ ಟೋಲ್. ಊರ ಮಧ್ಯಕ್ಕೆ ಟೋಲ್ ಸಾಮಾನ್ಯವಾಗಿ 25 ಮತ್ತು 50 ಎಂದು ಎರಡು ಕಡೆ ಬರುತ್ತದೆ, ಅದನ್ನು ಪ್ರಯಾಣಿಕರೇ ಅಲ್ಲಲ್ಲೇ ಕೊಡಬೇಕು. ಎಲ್ಲ ಸೇರಿ ಸುಖುಮ್ವಿತ್ ಕಡೆಗೆ 400 ಬಾಟ್ ಆಸುಪಾಸು. ದೊಡ್ಡ ಗಾಡಿಗೆ, ದಟ್ಟಣೆಯ ವೇಳೆಗೆ ಇನ್ನಷ್ಟು. 800, 1000 ಎಂದು ಒಟ್ಟು ದರ ಹೇಳಿದರೆ ಇಳಿದುಬಿಡಿ.

ಡಾನ್ ಮುಯಾಂಗ್‌ನಲ್ಲಿ ಇಳಿದವರಿಗೆ 2021ರಲ್ಲಿ ಶುರುವಾದ ರೆಡ್ ಲೈನ್ ಇದೆ. ವಿಮಾನ ನಿಲ್ದಾಣದಿಂದ ಮೇಲ್ಸೇತುವೆ ದಾಟಿದರೆ ನಿಲ್ದಾಣ. ಅಲ್ಲಿಂದ ಕ್ರುಂಗ್ ತೇಪ್ ಅಪಿವತ್ ಎಂಬ ಮಹಾನಿಲ್ದಾಣಕ್ಕೆ ಹೋಗಿ ಅದೇ ಆವರಣದ ಬಾಂಗ್ ಸುಯೆ ಮೆಟ್ರೊ ಹಿಡಿಯಿರಿ. ಕೈಚೀಲ ಮಾತ್ರ ಇದ್ದರೆ ಎ1 ಬಸ್ಸು 30 ಬಾಟಿಗೆ ಮೋ ಚಿತ್ ಆಕಾಶರೈಲಿಗೆ ಬಿಡುತ್ತದೆ. ಖಾವೊಸಾನ್‌ಗೆ ಹೋಗುವವರಿಗೆ ಎ4.

4. ರೈಲುಗಳು: ಜಾಲ ಒಂದೇ ಅನ್ನಿಸಿದರೂ ಟಿಕೆಟ್ ಒಂದಲ್ಲ

ಗೊಂದಲವೆಲ್ಲ ಇರುವುದು ಇಲ್ಲಿ, ಸ್ವಲ್ಪ ನಿಧಾನವಾಗಿ ಓದಿ.

ಬಿಟಿಎಸ್ ಎಂದರೆ ಕಂಬಗಳ ಮೇಲೆ ಓಡುವ ಆಕಾಶರೈಲು, 1999ರ ಡಿಸೆಂಬರಿನಿಂದ ಇದೆ. ಮುಖ್ಯವಾಗಿ ಎರಡು ಮಾರ್ಗ: ಖು ಖೋತ್‌ನಿಂದ ಖೇಹಾವರೆಗಿನ ಸುಖುಮ್ವಿತ್ ಮಾರ್ಗ, ನ್ಯಾಷನಲ್ ಸ್ಟೇಡಿಯಂನಿಂದ ಬಾಂಗ್ ವಾವರೆಗಿನ ಸೀಲೊಮ್ ಮಾರ್ಗ. ಎರಡೂ ಸಯಾಮ್ ನಿಲ್ದಾಣದಲ್ಲಿ ಸೇರುತ್ತವೆ. ಪ್ರತಿ ನಿಲ್ದಾಣಕ್ಕೂ ಒಂದು ಅಕ್ಷರ, ಒಂದು ಅಂಕಿ ಇದೆ. ಸಯಾಮ್‌ನಿಂದ ಪೂರ್ವಕ್ಕೆ ಇ1, ಇ2 ಎಂದು ಸಾಗುತ್ತದೆ, ಉತ್ತರಕ್ಕೆ ಎನ್, ದಕ್ಷಿಣಕ್ಕೆ ಎಸ್. ಅಸೋಕ್ ಇ4, ಮೋ ಚಿತ್ ಎನ್8, ನದಿಯ ಬಳಿಯ ಸಪಾನ್ ತಾಕ್ಸಿನ್ ಎಸ್6. ಒಂದೇ ಹೆಸರನ್ನು ನಕ್ಷೆ, ಫಲಕ, ಹೋಟೆಲಿನವರು ಮೂರು ರೀತಿ ಬರೆಯುತ್ತಾರಾದ್ದರಿಂದ ಈ ಗುರುತು ನೆನಪಿಟ್ಟುಕೊಳ್ಳುವುದೇ ಮೇಲು.

ಎಂಆರ್‌ಟಿ ಎಂದರೆ ಮೆಟ್ರೊ. ಪ್ರವಾಸಿಗರಿಗೆ ಬೇಕಾಗುವುದು ಅದರ ನೀಲಿ ಮಾರ್ಗ. 2004ರಲ್ಲಿ ಶುರುವಾದ ಇದು 2019ರಲ್ಲಿ ಹಳೆಯ ಊರಿನ ಅಡಿಗೆ ಹೋದ ಮೇಲೆ ಚೈನಾಟೌನಿಗೆ ವಾಟ್ ಮಂಕೊನ್, ಪಹುರತ್ ಬಟ್ಟೆ ಪೇಟೆಗೆ ಸಾಮ್ ಯೋತ್, ವಾಟ್ ಪೋ ದೇವಸ್ಥಾನ ಮತ್ತು ಅರಮನೆಗೆ (ಗ್ರ್ಯಾಂಡ್ ಪ್ಯಾಲೇಸ್) ಸನಾಮ್ ಚಾಯ್ ಎಂಬ ನಿಲ್ದಾಣಗಳು ಬಂದವು. ವಾಟ್ ಎಂದರೆ ದೇವಸ್ಥಾನ. ಹಳೆಯ ಪ್ರವಾಸಿ ಬರಹಗಳಲ್ಲಿ ‘ಅರಮನೆಗೆ ರೈಲಿಲ್ಲ’ ಎಂದಿರುತ್ತದೆ, ಅದನ್ನು ನಂಬಬೇಡಿ.

ನೀಲಿ ಮಾರ್ಗದಲ್ಲಿ ಒಂದು ಸಿಕ್ಕು ಇದೆ. ಅದು ಊರನ್ನು ಸುತ್ತಿ ಬಂದು ಥಾ ಪ್ರಾ ನಿಲ್ದಾಣದಲ್ಲಿ ತನ್ನನ್ನೇ ತಾನು ದಾಟಿ, ಲಾಕ್ ಸಾಂಗ್‌ನಲ್ಲಿ ಮುಗಿಯುತ್ತದೆ. ಆದ್ದರಿಂದ ಪ್ಲಾಟ್‌ಫಾರ್ಮಿನಲ್ಲಿ ಒಂದು ಬದಿಗೆ ‘ಲಾಕ್ ಸಾಂಗ್’, ಇನ್ನೊಂದು ಬದಿಗೆ ‘ಥಾ ಪ್ರಾ’ ಎಂದಿರುತ್ತದೆ. ಸುಖುಮ್ವಿತ್ ಕಡೆಯಿಂದ ಚೈನಾಟೌನ್, ವಾಟ್ ಪೋಗೆ ಹೋಗುವವರು ಲಾಕ್ ಸಾಂಗ್ ಕಡೆಯದನ್ನು ಹತ್ತಬೇಕು. ಇನ್ನೊಂದನ್ನು ಹತ್ತಿದರೆ ಚತುಚಕ್ ಕಡೆಯಿಂದ ಊರು ಬಳಸಿಕೊಂಡು ಹೋಗುತ್ತದೆ.

ಈಗ ಟಿಕೆಟ್. ಬಿಟಿಎಸ್, ಎಂಆರ್‌ಟಿ, ಏರ್‌ಪೋರ್ಟ್ ರೈಲು ಮೂರಕ್ಕೂ ಬೇರೆ ಬೇರೆ ಟಿಕೆಟ್, ಬೇರೆ ಬೇರೆ ಗೇಟು. ಬದಲಿಸುವ ಜಾಗಗಳಲ್ಲಿ ಹೆಸರೂ ಬೇರೆ. ಬಿಟಿಎಸ್‌ನ ಅಸೋಕ್‌ಗೆ ಎಂಆರ್‌ಟಿಯ ಹೆಸರು ಸುಖುಮ್ವಿತ್, ಸಾಲಾ ದೇಂಗ್‌ಗೆ ಸೀಲೊಮ್, ಮೋ ಚಿತ್‌ಗೆ ಚತುಚಕ್ ಪಾರ್ಕ್. ನಕ್ಷೆಯಲ್ಲಿ ಎರಡು ಹೆಸರು ಕಂಡು ಗಾಬರಿಯಾಗಬೇಡಿ.

ಬಿಟಿಎಸ್‌ಗೆ ಒಂದು ಸಲದ ಟಿಕೆಟ್ ಸುಮಾರು 17 ಬಾಟಿನಿಂದ ಶುರು. ಕೆಲವು ಹಳೆಯ ಯಂತ್ರಗಳು ನಾಣ್ಯವನ್ನಷ್ಟೇ ತಿನ್ನುತ್ತವೆ, ಕೌಂಟರಿನಲ್ಲಿ ಚಿಲ್ಲರೆ ಕೊಡುತ್ತಾರೆ. ಮೂರು ದಿನಕ್ಕಿಂತ ಹೆಚ್ಚು ಇರುವವರು ರ‍್ಯಾಬಿಟ್ ಕಾರ್ಡ್ ಮಾಡಿಸಿಕೊಳ್ಳಿ: 200 ಬಾಟ್ ಕೊಟ್ಟರೆ 100 ಕಾರ್ಡಿನ ಶುಲ್ಕಕ್ಕೆ ಹೋಗುತ್ತದೆ, 100 ಓಡಾಟಕ್ಕೆ ಉಳಿಯುತ್ತದೆ. ಪಾಸ್‌ಪೋರ್ಟ್ ಕೇಳುತ್ತಾರೆ. ಟಿಕೆಟ್ ದರದಲ್ಲಿ ಇದರಿಂದ ಭಾರಿ ಉಳಿತಾಯವೇನೂ ಇಲ್ಲ, ಉಳಿಯುವುದು ಸರದಿಯ ಹೊತ್ತು. ಭಾನುವಾರ ಸಂಜೆ ಚತುಚಕ್ ಸಂತೆ ಮುಗಿದಾಗ ಮೋ ಚಿತ್‌ನ ಯಂತ್ರಗಳ ಮುಂದಿನ ಸಾಲು ನೋಡಿದರೆ ಆ 100 ಬಾಟ್ ಸಾರ್ಥಕ ಅನ್ನಿಸುತ್ತದೆ. 150 ಬಾಟಿನ ಒಂದು ದಿನದ ಪಾಸ್ ಲಾಭವಾಗಬೇಕಾದರೆ ದಿನಕ್ಕೆ ನಾಲ್ಕೈದು ಸಲವಾದರೂ ಹತ್ತಿಳಿಯಬೇಕು. ಅದು ಎಂಆರ್‌ಟಿಗೆ, ದೋಣಿಗೆ ನಡೆಯುವುದಿಲ್ಲ.

ಎಂಆರ್‌ಟಿ ಗೇಟಿನಲ್ಲಿ ವೀಸಾ, ಮಾಸ್ಟರ್‌ಕಾರ್ಡನ್ನೇ ನೇರ ಮುಟ್ಟಿಸಬಹುದು. ಎರಡು ಎಚ್ಚರಿಕೆ. ಒಬ್ಬರಿಗೆ ಒಂದು ಕಾರ್ಡ್. ಒಂದೇ ಕಾರ್ಡನ್ನು ಮನೆಮಂದಿಗೆಲ್ಲ ಮುಟ್ಟಿಸಲಾಗದು, ರ‍್ಯಾಬಿಟ್‌ಗೂ ಇದೇ ನಿಯಮ. ಎರಡನೆಯದು, ಒಳಹೋದ ಕಾರ್ಡಿನಲ್ಲೇ ಹೊರಬನ್ನಿ. ಒಳಗೆ ಕಾರ್ಡು, ಹೊರಗೆ ಅದೇ ಕಾರ್ಡನ್ನು ಸೇರಿಸಿದ ಫೋನು ಮುಟ್ಟಿಸಿದರೆ ಗೇಟಿನ ಕಣ್ಣಿಗೆ ಅವು ಎರಡು ಬೇರೆ ಕಾರ್ಡುಗಳು. ಬಿಟಿಎಸ್ ಹತ್ತುವಾಗ ಈ ಸೌಲಭ್ಯವನ್ನು ನೆಚ್ಚಿಕೊಳ್ಳದೆ ರ‍್ಯಾಬಿಟ್ ಅಥವಾ ಟಿಕೆಟ್ ಕೈಯಲ್ಲಿಟ್ಟುಕೊಳ್ಳಿ.

ಬೆಳಗ್ಗೆ ಏಳರಿಂದ ಒಂಬತ್ತೂವರೆ, ಸಂಜೆ ಐದರಿಂದ ಏಳೂವರೆ ರೈಲುಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಆದರೂ ರಸ್ತೆಗಿಂತ ಬೇಗ ಮುಟ್ಟುತ್ತೀರಿ. ತಿಂಡಿ, ಪಾನೀಯ, ಡೂರಿಯನ್ ಹಣ್ಣು ನಿಷಿದ್ಧ. ಬೆಳಗ್ಗೆ ಎಂಟಕ್ಕೆ, ಸಂಜೆ ಆರಕ್ಕೆ ನಿಲ್ದಾಣದಲ್ಲಿ ರಾಷ್ಟ್ರಗೀತೆ ಮೊಳಗಿದರೆ ಎಲ್ಲರೂ ಇದ್ದಲ್ಲೇ ನಿಲ್ಲುತ್ತಾರೆ, ನೀವೂ ನಿಲ್ಲಿ. ಬಿಕ್ಕುಗಳಿಗೆಂದು ಗುರುತು ಹಾಕಿದ ಆಸನ ಖಾಲಿ ಇದ್ದರೂ ಬಿಟ್ಟುಬಿಡಿ. ಹೆಂಗಸರು ಬಿಕ್ಕುಗಳಿಗೆ ಮೈ ತಾಗದಂತೆ ನಿಲ್ಲುವುದು ಅಲ್ಲಿನ ರೂಢಿ.

5. ನದಿ ಮತ್ತು ಕಾಲುವೆ

ಚಾವೊ ಪ್ರಾಯಾ ನದಿಯಲ್ಲಿ ಓಡುವ ಎಕ್ಸ್‌ಪ್ರೆಸ್ ದೋಣಿಗಳಿಗೆ ಹಿಂಬದಿಯಲ್ಲಿ ಬಣ್ಣದ ಬಾವುಟ ಇರುತ್ತದೆ. ಬಣ್ಣ ಎಂದರೆ ನಿಲುಗಡೆ ಮತ್ತು ದರ. ನಿಮಗೆ ಬೇಕಾದ್ದು ಕಿತ್ತಳೆ ಬಾವುಟ: ದಿನವಿಡೀ ಓಡುತ್ತದೆ, ಎಷ್ಟು ದೂರ ಹೋದರೂ 16 ಬಾಟ್. ಹಳದಿ, ಹಸಿರು–ಹಳದಿ ಬಾವುಟದವು ಕೆಲಸಕ್ಕೆ ಹೋಗುವವರ ವೇಳೆಗಷ್ಟೇ ಓಡುತ್ತವೆ, ಬಹಳ ಕಡೆ ನಿಲ್ಲುವುದಿಲ್ಲ. ನೀಲಿ ಬಾವುಟ ಪ್ರವಾಸಿ ದೋಣಿ. ದರ ಎರಡು ಪಟ್ಟಿಗೂ ಮೇಲೆ, ದಿನದ ಪಾಸ್ 150 ಬಾಟ್. ಕೂರಲು ಜಾಗ, ಇಂಗ್ಲಿಷ್ ವಿವರಣೆ ಬೇಕೆನ್ನುವವರಿಗೆ ಅದೂ ಸರಿಯೇ.

ಹತ್ತುವ ಜಾಗ ಸಾತೋರ್ನ್ ಘಟ್ಟ, ಸಪಾನ್ ತಾಕ್ಸಿನ್ ಬಿಟಿಎಸ್‌ನ 2ನೇ ದ್ವಾರದಿಂದ ಇಳಿದರೆ ಎದುರಿಗೇ ಇದೆ. ಇಲ್ಲೊಂದು ಗುಂಡಿ. ಮೊದಲು ಕಾಣುವ, ಜೋರಾಗಿ ಕರೆಯುವ ಕೌಂಟರುಗಳು ಪ್ರವಾಸಿ ದೋಣಿಯವು, ಇಲ್ಲವೇ ಖಾಸಗಿ ಉದ್ದಬಾಲದ ದೋಣಿಯವು. ಸುಮ್ಮನೆ ಮುಂದೆ ಸಾಗಿ ‘ಕಿತ್ತಳೆ ಬಾವುಟ, 16 ಬಾಟ್’ ಎಂದು ಬರೆದ ಕಡೆ ನಿಲ್ಲಿ.

ದೋಣಿ ಬರುವ ರೀತಿಗೆ ಸಿದ್ಧರಾಗಿರಬೇಕು. ಹಿಂಬದಿಯಲ್ಲಿ ನಿಂತ ಆಳು ಚುರುಕಾಗಿ ಸೀಟಿ ಊದುತ್ತಾನೆ, ಒಂದೊಂದು ಊದೂ ಮುಂದಿನ ಚಾಲಕನಿಗೆ ಸೂಚನೆ. ದೋಣಿ ತೇಲುವ ಕಟ್ಟೆಗೆ ಧಡ್ ಎಂದು ತಾಗುತ್ತದೆ, ಆಳು ಹಗ್ಗವನ್ನು ಗೂಟಕ್ಕೆ ಒಂದು ಸುತ್ತು ಹಾಕಿ ಹಿಡಿದುಕೊಳ್ಳುತ್ತಾನೆ, ಇಳಿಯುವವರು ಇಳಿದು ಹತ್ತುವವರು ಹತ್ತುವಷ್ಟರಲ್ಲಿ ಹಗ್ಗ ಬಿಚ್ಚಿಯಾಗಿರುತ್ತದೆ. ಎಲ್ಲ ಅರ್ಧ ನಿಮಿಷದ ಕೆಲಸ. ಹಾಗಾಗಿ ಇಳಿಯುವ ಘಟ್ಟಕ್ಕೆ ಮುಂಚೆಯೇ ಹಿಂಬದಿಗೆ ಬಂದು ನಿಲ್ಲಿ, ಮಗುವಿನ ಕೈ ಹಿಡಿದಿರಲಿ, ಫೋನು ಜೇಬಿಗೆ ಹೋಗಲಿ. ಒಳಗೆ ಕಂಡಕ್ಟರಮ್ಮ ಉದ್ದನೆಯ ತಗಡಿನ ಕೊಳವೆಯಲ್ಲಿ ಚಿಲ್ಲರೆ ಕುಲುಕುತ್ತಾ ಬಂದು ಟಿಕೆಟ್ ಹರಿದು ಕೊಡುತ್ತಾರೆ.

ಅರಮನೆಗೆ ಥಾ ಚಾಂಗ್, ವಾಟ್ ಪೋಗೆ ಥಾ ತಿಯೆನ್, ಖಾವೊಸಾನ್‌ಗೆ ಪ್ರಾ ಆತಿತ್ ಘಟ್ಟಗಳು. ಥಾ ಎಂದರೆ ದೋಣಿಘಟ್ಟ. ಥಾ ತಿಯೆನ್‌ನಿಂದ ಎದುರು ದಡದ ವಾಟ್ ಅರುಣ್‌ಗೆ ದಾಟಿಸುವ ಸಣ್ಣ ದೋಣಿಗೆ 5 ಬಾಟ್ ಸಾಕು. ಸಂಜೆ ಆರೂವರೆ–ಏಳರ ಹೊತ್ತಿಗೆ ಎಕ್ಸ್‌ಪ್ರೆಸ್ ದೋಣಿಗಳು ಮುಗಿಯುತ್ತವೆ ಎಂಬುದು ಗಮನದಲ್ಲಿರಲಿ.

ಅಸೋಕ್‌ನಲ್ಲಿ ಉಳಿದವರಿಗೆ ಒಂದು ದಿನದ ದಾರಿ ಹೀಗೆ ಬೀಳುತ್ತದೆ. ಬೆಳಗ್ಗೆ ಸುಖುಮ್ವಿತ್ ಮೆಟ್ರೊದಲ್ಲಿ ಲಾಕ್ ಸಾಂಗ್ ಕಡೆಯ ರೈಲು ಹತ್ತಿ ಒಂಬತ್ತನೆಯ ನಿಲ್ದಾಣ ಸನಾಮ್ ಚಾಯ್‌ನಲ್ಲಿ ಇಳಿಯಿರಿ. ಎಂಟೂವರೆಗೆ ತೆರೆಯುವ ಅರಮನೆಯನ್ನು ಮೊದಲು ಮುಗಿಸಿ. ಟಿಕೆಟ್ 500 ಬಾಟ್, ಒಳಬಿಡುವುದು ಮಧ್ಯಾಹ್ನ ಮೂರೂವರೆವರೆಗೆ ಮಾತ್ರ. ಭುಜ, ಮಂಡಿ ಮುಚ್ಚುವ ಬಟ್ಟೆ ಇರಲೇಬೇಕು. ನಂತರ ವಾಟ್ ಪೋ, ಥಾ ತಿಯೆನ್‌ನಿಂದ ವಾಟ್ ಅರುಣ್. ಆಮೇಲೆ ಘಟ್ಟದ ಫಲಕದಲ್ಲಿ ಕಿತ್ತಳೆ ಬಾವುಟ ನಿಲ್ಲುವ ಕಡೆ ನೋಡಿಕೊಂಡು ಸಾತೋರ್ನ್‌ಗೆ ಬಂದು, ಸಪಾನ್ ತಾಕ್ಸಿನ್‌ನಲ್ಲಿ ಬಿಟಿಎಸ್ ಹತ್ತಿ ಸಯಾಮ್‌ನಲ್ಲಿ ಬದಲಿಸಿ ಅಸೋಕ್. ಇಡೀ ದಿನ ರಸ್ತೆಯ ವಾಹನ ಒಂದೂ ಬೇಡ.

ನದಿಯ ದೋಣಿ ಪ್ರವಾಸಿಗರಿಗೆ ಗೊತ್ತು, ಸೇನ್ ಸೇಪ್ ಕಾಲುವೆಯ ದೋಣಿ ಅಷ್ಟಾಗಿ ಗೊತ್ತಿಲ್ಲ. ಅಂದಗೆಟ್ಟ, ವಾಸನೆಯ ನೀರು. ಆದರೆ ಸಂಜೆ ಆರಕ್ಕೆ ಥಾಂಗ್ ಲೋದಿಂದ ಪ್ರಾತುನಾಮ್‌ಗೆ ಹೋಗಲು ಇದರಷ್ಟು ಬೇಗ ಇನ್ನೊಂದಿಲ್ಲ. ಎಲ್ಲಿಂದ ಎಲ್ಲಿಗಾದರೂ 20 ಬಾಟ್ ಆಸುಪಾಸಿನಲ್ಲಿ ಮುಗಿಯುತ್ತದೆ. ಪ್ರಾತುನಾಮ್‌ನಲ್ಲಿ ಎಲ್ಲರೂ ಇಳಿದು ಬೇರೆ ದೋಣಿ ಹತ್ತಬೇಕು. ಪಶ್ಚಿಮದ ಕೊನೆಯ ಘಟ್ಟ ಪಾನ್‌ಫಾ, ಚಿನ್ನದ ಗುಡ್ಡವೆನ್ನುವ ವಾಟ್ ಸಾಕೇತ್‌ನ ಮಗ್ಗುಲು. ಅಂಚಿನಲ್ಲಿ ಕೂತವರ ಪಕ್ಕ ಒಂದು ಹಗ್ಗ ನೇತಾಡುತ್ತಿರುತ್ತದೆ. ಎದುರಿನಿಂದ ದೋಣಿ ಬಂದಾಗ ಅದನ್ನು ಎಳೆದರೆ ಟಾರ್ಪಾಲಿನ ಪರದೆ ಏಳುತ್ತದೆ. ಎಳೆಯುವುದು ಅಂಚಿನವರ ಜವಾಬ್ದಾರಿ, ತಡಮಾಡಿದರೆ ಇಡೀ ಸಾಲಿಗೆ ಕೊಳಕು ನೀರು. ಮೆಟ್ಟಿಲು ಎತ್ತರ, ಹತ್ತಲು ಹಗ್ಗ ಹಿಡಿದು ಕಾಲೆತ್ತಿ ಹಾಕಬೇಕು. ಸೀರೆ ಉಟ್ಟವರಿಗೆ, ಮಂಡಿನೋವಿರುವ ಹಿರಿಯರಿಗೆ ಇದು ಬೇಡ.

6. ರಸ್ತೆಯ ವಾಹನಗಳು

ಮೀಟರ್ ಟ್ಯಾಕ್ಸಿ: ಮುಂಗಾಜಿನಲ್ಲಿ ಕೆಂಪು ದೀಪದ ಅಕ್ಷರ ಬೆಳಗುತ್ತಿದ್ದರೆ ಖಾಲಿ ಇದೆ ಎಂದರ್ಥ. ಕೈ ಅಡ್ಡ ಮಾಡಿ ನಿಲ್ಲಿಸಿ, ಹೋಗಬೇಕಾದ ಜಾಗ ಹೇಳಿ, ‘ಮೀಟರ್’ ಎನ್ನಿ. ದರ ಹೇಳತೊಡಗಿದರೆ ನಗುತ್ತಲೇ ಬಾಗಿಲು ಮುಚ್ಚಿ ಮುಂದಿನದಕ್ಕೆ ಕೈ ತೋರಿ, ವಾದ ಬೇಡ. ಹೊರಟ ಕೂಡಲೇ ಮೀಟರ್ 35 ತೋರಿಸಬೇಕು, ದೊಡ್ಡ ಗಾಡಿಯಾದರೆ 40. ಹೋಟೆಲು, ಮಾಲ್‌ಗಳ ಮುಂದೆ ಸಾಲುಗಟ್ಟಿ ನಿಂತವರು ಪ್ರವಾಸಿಗರಿಗಾಗಿಯೇ ಕಾಯುತ್ತಿರುತ್ತಾರೆ. ಹತ್ತು ಹೆಜ್ಜೆ ನಡೆದು ಓಡುತ್ತಿರುವ ಟ್ಯಾಕ್ಸಿ ನಿಲ್ಲಿಸಿ. ಮಧ್ಯಾಹ್ನ ಮೂರು–ನಾಲ್ಕರ ಹೊತ್ತಿಗೆ ಸಾಲಾಗಿ ಎಲ್ಲರೂ ‘ಬರಲ್ಲ’ ಎಂದರೆ ಅದು ಪಾಳಿ ಬದಲಾವಣೆ: ಗಾಡಿಯನ್ನು ಮಾಲೀಕರಿಗೆ ಒಪ್ಪಿಸಲು ಹೋಗುತ್ತಿರುತ್ತಾರೆ.

ಜಾಗದ ಹೆಸರನ್ನು ಥಾಯ್ ಲಿಪಿಯಲ್ಲಿ ಫೋನಿನಲ್ಲಿ ಉಳಿಸಿಕೊಂಡು ತೋರಿಸಿ. ಚಾಲಕರಲ್ಲಿ ಬಹಳ ಜನ ಇಂಗ್ಲಿಷ್ ನಕ್ಷೆ ಓದುವುದಿಲ್ಲ. ಹೋಟೆಲಿನ ಕಾರ್ಡಿನ ಹಿಂಬದಿಯಲ್ಲಿ ಥಾಯ್ ವಿಳಾಸ ಇದ್ದೇ ಇರುತ್ತದೆ.

ಗ್ರ್ಯಾಬ್, ಬೋಲ್ಟ್: ದರ ಮೊದಲೇ ತಿಳಿಯುತ್ತದೆ, ಭಾಷೆಯ ತೊಡಕಿಲ್ಲ. ಬೋಲ್ಟ್ ಸಾಮಾನ್ಯವಾಗಿ ಅಗ್ಗ, ಆದರೆ ಒಪ್ಪಿಕೊಂಡ ಮೇಲೆ ರದ್ದು ಮಾಡುವವರೂ ಹೆಚ್ಚು. ಟೋಲ್ ಹೆಚ್ಚಾಗಿ ಬೇರೆ ಕೊಡಬೇಕಾಗುತ್ತದೆ. ಆ್ಯಪ್‌ನ ನಕ್ಷೆಯಲ್ಲಿ ಹತ್ತುವ ಜಾಗದ ಗುರುತು ಇಡುವಾಗ ರಸ್ತೆಯ ಯಾವ ಬದಿ ಎಂಬುದನ್ನು ನೋಡಿ. ದೊಡ್ಡ ರಸ್ತೆಗಳಲ್ಲಿ ಯೂ ಟರ್ನ್ ಬಹಳ ದೂರಕ್ಕಿರುತ್ತದೆ, ತಪ್ಪು ಬದಿಯಲ್ಲಿ ಗುರುತಿಟ್ಟರೆ ಗಾಡಿ ಕಣ್ಣೆದುರಿಗಿದ್ದೂ ನಿಮ್ಮನ್ನು ಸೇರಲು ಇಪ್ಪತ್ತು ನಿಮಿಷ ಹಿಡಿದೀತು. ಪಾದಚಾರಿ ಸೇತುವೆ ಹತ್ತಿ ನೀವೇ ದಾಟಿ.

ವಿನ್: ಸೋಯ್ ಬಾಯಲ್ಲಿ ಕಿತ್ತಳೆ ನಿಲುವಂಗಿ ತೊಟ್ಟ ಬೈಕ್ ಸವಾರರ ಗುಂಪು ಕೂತಿರುತ್ತದೆ, ಅದೇ ವಿನ್. ಸೋಯ್ ಒಳಗಿನ ಒಂದು ಕಿಲೋಮೀಟರಿಗೆ ಇವರಷ್ಟು ಚುರುಕು ಯಾರೂ ಇಲ್ಲ. ಪಕ್ಕದ ಹಲಗೆಯ ಮೇಲೆ ದರಪಟ್ಟಿ ಇರುತ್ತದೆ, ಥಾಯ್‌ನಲ್ಲಿದ್ದರೂ ಅಂಕಿ ಓದಬಹುದು. ಹೆಲ್ಮೆಟ್ ಕೇಳಿ ಹಾಕಿಕೊಳ್ಳಿ, ಮಂಡಿಗಳನ್ನು ಒಳಕ್ಕೆ ಒತ್ತಿಕೊಂಡು ಕೂರಿ. ಅವರು ಎರಡು ಕಾರುಗಳ ನಡುವೆ ನುಗ್ಗುವ ಸಂದಿ ನಿಮ್ಮ ಲೆಕ್ಕಕ್ಕೆ ಸಿಗುವಂಥದ್ದಲ್ಲ. ಮುಖ್ಯರಸ್ತೆಯಲ್ಲಿ ದೂರಕ್ಕೆ, ಮಳೆಯಲ್ಲಿ ಬೇಡ.

ಟುಕ್‌ಟುಕ್: ಮೀಟರ್ ಇಲ್ಲ, ಹತ್ತುವ ಮುಂಚೆಯೇ ದರ ಗಟ್ಟಿ ಮಾಡಿಕೊಳ್ಳಬೇಕು. ಬಹಳ ಸಲ ಹವಾನಿಯಂತ್ರಿತ ಟ್ಯಾಕ್ಸಿಗಿಂತ ದುಬಾರಿ. ಫೋಟೊಗೆ, ಮಕ್ಕಳ ಖುಷಿಗೆ ಒಂದು ಸಲ ಹತ್ತಿ, ಸಾಕು. ಹಳೆಯ ಊರಿನಲ್ಲಿ ಮುವ್‌ಮಿ ಎಂಬ ಆ್ಯಪ್‌ನಲ್ಲಿ ವಿದ್ಯುತ್ ಟುಕ್‌ಟುಕ್ ಸಿಗುತ್ತದೆ. ಬೇರೆ ಪ್ರಯಾಣಿಕರ ಜೊತೆ ಹಂಚಿಕೊಳ್ಳಬೇಕು, ನಿಗದಿತ ವಲಯದೊಳಗೆ ಮಾತ್ರ ಓಡುತ್ತದೆ, ಆದರೆ ದರ ಮೊದಲೇ ಖಚಿತ.

ಅರಮನೆಯ ಸುತ್ತ ನಡೆಯುವ ಮೋಸ ದಶಕಗಳಷ್ಟು ಹಳೆಯದು, ಆದರೂ ದಿನಾ ಯಾರಾದರೊಬ್ಬರು ಬೀಳುತ್ತಾರೆ. ಇಸ್ತ್ರಿ ಅಂಗಿಯ ಸಭ್ಯ ಮನುಷ್ಯನೊಬ್ಬ ಬಂದು ‘ಇವತ್ತು ಪೂಜೆ ಇದೆ, ಅರಮನೆ ಮಧ್ಯಾಹ್ನದವರೆಗೆ ಮುಚ್ಚಿದೆ’ ಎನ್ನುತ್ತಾನೆ. ಅಷ್ಟರಲ್ಲಿ ಒಂದು ಟುಕ್‌ಟುಕ್ ಬಂದು ನಿಲ್ಲುತ್ತದೆ, 20 ಬಾಟಿಗೆ ಮೂರು ದೇವಸ್ಥಾನ ತೋರಿಸುವ ಮಾತಾಡುತ್ತದೆ. ನಡುವೆ ಒಂದು ಹರಳಿನ ಅಂಗಡಿ, ಒಂದು ದರ್ಜಿ ಅಂಗಡಿ. ಅಂಗಡಿಯವರು ಚಾಲಕನಿಗೆ ಕಮಿಷನ್ ಕೊಡುತ್ತಾರೆ, ನಿಮಗೆ ‘ಭಾರತದಲ್ಲಿ ಮಾರಿದರೆ ಎರಡು ಪಟ್ಟು’ ಎಂದು ಗಾಜಿನ ಬೆಲೆಯ ನೀಲಮಣಿ ಕಟ್ಟುತ್ತಾರೆ. ಬೀದಿಯಲ್ಲಿ ನಿಂತವನ ಮಾತು ಕೇಳದೆ ನಾ ಪ್ರಾ ಲಾನ್ ರಸ್ತೆಯಲ್ಲಿರುವ ಮುಖ್ಯದ್ವಾರದ ತನಕ ನಡೆದು ನೀವೇ ನೋಡಿ. ತಕರಾರಾದರೆ ಪ್ರವಾಸಿ ಪೊಲೀಸರ ಸಂಖ್ಯೆ 1155. ಟ್ಯಾಕ್ಸಿ ದೂರಿಗೆ 1584, ಗಾಡಿಯ ನಂಬರ್ ಬರೆದಿಟ್ಟುಕೊಂಡಿರಬೇಕು.

ಬಸ್ಸುಗಳು ಬಹಳ ಅಗ್ಗ. ಆದರೆ ಅವು ಸಿಕ್ಕಿಕೊಳ್ಳುವುದು ಅದೇ ದಟ್ಟಣೆಯಲ್ಲಿ, ಮಾರ್ಗಸಂಖ್ಯೆಗಳಲ್ಲೂ ಹಳೆಯದು ಹೊಸದು ಬೆರೆತಿವೆ. ನಾಲ್ಕು ದಿನದ ಪ್ರವಾಸಿಗೆ ಈ ತಲೆಬಿಸಿ ಬೇಕಿಲ್ಲ.

7. ಊರಾಚೆ ಹೊರಟರೆ

ಪಟ್ಟಾಯಕ್ಕೆ ಬಸ್ಸು ಎಕ್ಕಮಾಯ್ ಬಸ್ ನಿಲ್ದಾಣದಿಂದ. ಅದು ಬಿಟಿಎಸ್ ಎಕ್ಕಮಾಯ್ ಪಕ್ಕದಲ್ಲೇ ಇದೆ. ವಿಮಾನದಿಂದ ಇಳಿದವರೇ ನೇರ ಪಟ್ಟಾಯಕ್ಕೆ ಹೋಗುವುದಾದರೆ ಊರೊಳಗೆ ಬರಬೇಕಿಲ್ಲ, ಸುವರ್ಣಭೂಮಿಯ ಒಂದನೇ ಮಹಡಿಯಿಂದಲೇ ಬಸ್ಸಿದೆ. ಚಿಯಾಂಗ್ ಮಾಯ್ ಕಡೆಯ ಬಸ್ಸುಗಳು ಹೊರಡುವ ‘ಮೋ ಚಿತ್’ ನಿಲ್ದಾಣ ಬಿಟಿಎಸ್ ಮೋ ಚಿತ್‌ನಿಂದ ಕಿಲೋಮೀಟರುಗಟ್ಟಲೆ ದೂರ. ಹೆಸರು ನಂಬಿ ಬಿಟಿಎಸ್ ಇಳಿದು ಬಸ್ಸು ತಪ್ಪಿಸಿಕೊಳ್ಳುವವರು ಬಹಳ. ನಡುವೆ ಟ್ಯಾಕ್ಸಿ ಬೇಕು. ದೂರದ ರೈಲುಗಳೂ 2023ರ ಜನವರಿಯಿಂದ ಬಹುಪಾಲು ಹುವಾ ಲಂಪೊಂಗ್ ಬಿಟ್ಟು ಕ್ರುಂಗ್ ತೇಪ್ ಅಪಿವತ್‌ಗೆ ಹೋಗಿವೆ. ಟಿಕೆಟಿನಲ್ಲಿ ಯಾವುದು ಬರೆದಿದೆ ಎಂದು ನೋಡಿಯೇ ಹೊರಡಿ.

8. ವಾಪಸ್ ವಿಮಾನ ನಿಲ್ದಾಣಕ್ಕೆ

ಬೆಂಗಳೂರಿನ ವಿಮಾನ ರಾತ್ರಿಯದಾದರೆ ಹೋಟೆಲಿನಿಂದ ಹೊರಡುವ ಹೊತ್ತು ಸಂಜೆಯ ದಟ್ಟಣೆಗೇ ಬೀಳುತ್ತದೆ. ಶುಕ್ರವಾರ ಸಂಜೆ ಮಳೆಯೂ ಸೇರಿದರೆ ಟ್ಯಾಕ್ಸಿಗೆ ಎರಡು ತಾಸು ಹಿಡಿದರೂ ಆಶ್ಚರ್ಯವಿಲ್ಲ. ಆ ಹೊತ್ತಿಗೆ ಮಕ್ಕಸನ್ ಅಥವಾ ಪಯಾ ಥಾಯ್‌ನಿಂದ ರೈಲೇ ಭರವಸೆ. ಟ್ಯಾಕ್ಸಿಯೇ ಆಗಬೇಕೆಂದರೆ ಮಧ್ಯಾಹ್ನ ಮೂರಕ್ಕೆ ಮುಂಚೆ ಹೊರಡಿ, ಇಲ್ಲವೇ ರಾತ್ರಿ ಎಂಟರ ಮೇಲೆ. ಊರಿನಿಂದ ಹೋಗುವಾಗ ಆ 50 ಬಾಟ್ ಹೆಚ್ಚುವರಿ ಇಲ್ಲ, ಟೋಲ್ ಮಾತ್ರ ಇದೆ. 100ರ ಒಂದು ನೋಟು ತೆಗೆದಿಟ್ಟುಕೊಳ್ಳಿ. ಹತ್ತುವಾಗ ‘ಏರ್‌ಪೋರ್ಟ್’ ಎಂದಷ್ಟೇ ಹೇಳಿ ಸುಮ್ಮನಾಗಬೇಡಿ, ಯಾವುದೆಂದು ಹೇಳಿ. ನಾವು ಓದುವ ಹಾಗೆ ‘ಸುವರ್ಣಭೂಮಿ’ ಎಂದರೆ ಚಾಲಕರಿಗೆ ಹತ್ತುವುದಿಲ್ಲ, ‘ಸುವನ್ನಪೂಮ್’ ಎನ್ನಬೇಕು. ಗಾಡಿ ಎಕ್ಸ್‌ಪ್ರೆಸ್‌ವೇ ಹತ್ತಿದ ಮೇಲೆ ಹಸಿರು ಫಲಕದಲ್ಲಿ ನಿಮ್ಮ ನಿಲ್ದಾಣದ ಹೆಸರಿದೆಯೇ ಎಂದು ಒಮ್ಮೆ ಕಣ್ಣಾಡಿಸಿ.